ಇಡೀ ಲ್ಯಾಬಿಗೆ ಒಂದೇ ಪಾಸ್‌ವರ್ಡ್ ಬೇಡ

ಮಾನ್ಯರೇ,

ಜೂನ್‌ನಲ್ಲಿ ತರಗತಿಗಳು ಶುರುವಾಗುತ್ತಿದ್ದಂತೆ ಕಂಪ್ಯೂಟರ್ ಲ್ಯಾಬಿನ ಬೋರ್ಡಿನ ಮೇಲೆ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಬರೆದು ವರ್ಷವಿಡೀ ಅದರಲ್ಲೇ ದೂಡುವ ರೂಢಿ ನಮ್ಮ ದಾವಣಗೆರೆ ಕಡೆ ಇನ್ನೂ ಹೋಗಿಲ್ಲ. ಬಿಡಿ ಕಂಪ್ಯೂಟರುಗಳಲ್ಲಿ ಇದು ಹೇಗೋ ನಡೆದೀತು. ಒಂದು ಸರ್ವರಿನ ಆಸರೆಯಲ್ಲೇ ನಡೆಯುವ ಪುಟ್ಟ ಕಂಪ್ಯೂಟರುಗಳ, ಅಂದರೆ ಥಿನ್ ಕ್ಲೈಂಟ್ ಲ್ಯಾಬಿನಲ್ಲಿ ನಡೆಯದು. ಅಲ್ಲಿ ಎಲ್ಲರ ಕಡತಗಳೂ ಸರ್ವರಿನಲ್ಲೇ ಇರುತ್ತವೆ. ಖಾತೆ ಒಂದೇ ಆದರೆ ಹೋಮ್ ಫೋಲ್ಡರೂ ಒಂದೇ. ಒಬ್ಬ ಫೈರ್‌ಫಾಕ್ಸ್ ತೆರೆದ ಮೇಲೆ ಪಕ್ಕದವನಿಗೆ ‘ಈಗಾಗಲೇ ಚಾಲನೆಯಲ್ಲಿದೆ’ ಎಂಬ ತಕರಾರು ಬರುವುದು ಇದರಿಂದಲೇ. ಯಾರದೋ ಪ್ರಾಜೆಕ್ಟ್ ಅಳಿಸಿಹೋದರೆ, ಅಳಿಸಿದವರು ಯಾರೆಂದು ಲಾಗ್ ನೋಡಿದರೂ ತಿಳಿಯದು.

ಮಕ್ಕಳಿಗೆ ಒಂದೊಂದು ಖಾತೆ ತೆರೆಯುವುದು ಅಂಥ ದೊಡ್ಡ ಕೆಲಸವೇನಲ್ಲ. ಲಿನಕ್ಸ್ ಸರ್ವರಿನ ‘ನ್ಯೂಯೂಸರ್ಸ್’ ಕಮಾಂಡಿಗೆ ಒಬ್ಬರಿಗೆ ಒಂದು ಸಾಲಿನಂತೆ ಪಟ್ಟಿ ಕೊಟ್ಟರೆ ಇಡೀ ತರಗತಿಯ ಖಾತೆಗಳು ಒಮ್ಮೆಗೇ ಸಿದ್ಧ. ಯೂಸರ್‌ನೇಮಿಗೆ ಸರ್ಕಾರಿ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಸ್ಯಾಟ್ಸ್ ಸಂಖ್ಯೆ ಅನುಕೂಲ. ಬರೀ ಅಂಕಿಯ ಹೆಸರನ್ನು ಸರ್ವರ್ ಒಪ್ಪದಿರಬಹುದು, ಮುಂದೊಂದು ಇಂಗ್ಲಿಷ್ ಅಕ್ಷರ ಸೇರಿಸಿ. ಅದೇ ಸಂಖ್ಯೆ ಪಾಸ್‌ವರ್ಡ್ ಮಾತ್ರ ಆಗಕೂಡದು. ಪಟ್ಟಿಯ ಕಡತದಲ್ಲಿ ಪಾಸ್‌ವರ್ಡ್‌ಗಳು ಓದುವಂತೆಯೇ ಇರುತ್ತವೆ, ಕೆಲಸ ಮುಗಿದ ಕೂಡಲೇ ಅಳಿಸಬೇಕು.

ಥಿನ್ ಕ್ಲೈಂಟ್ ಲ್ಯಾಬ್ ನಡೆಸುವ ಲಿನಕ್ಸ್ ತಂತ್ರಾಂಶ ಎಲ್‌ಟಿಎಸ್‌ಪಿಯ 2019ರ ನಂತರದ ಆವೃತ್ತಿಗಳಲ್ಲಿ ಇನ್ನೊಂದು ತೊಡಕಿದೆ. ಹೊಸ ಖಾತೆ ಸೇರಿಸಿದ ಮೇಲೆ ಸರ್ವರಿನಲ್ಲಿ ‘ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ’ ಕಮಾಂಡ್ ಓಡಿಸಿ, ಕ್ಲೈಂಟುಗಳನ್ನು ರೀಬೂಟ್ ಮಾಡಬೇಕು. ಇಲ್ಲದಿದ್ದರೆ ಆ ಹೆಸರೇ ಕ್ಲೈಂಟಿಗೆ ಗೊತ್ತಿರುವುದಿಲ್ಲ; ಪಾಸ್‌ವರ್ಡ್ ತಪ್ಪೆಂದುಕೊಂಡು ಮೇಷ್ಟ್ರು ಅದನ್ನೇ ಮತ್ತೆ ಮತ್ತೆ ಬದಲಿಸುತ್ತಾ ಕೂರುತ್ತಾರೆ.

ಎರಡು ಲ್ಯಾಬ್, ಎರಡು ಸರ್ವರ್ ಇರುವಲ್ಲಿ ಖಾತೆಗಳನ್ನು ಬೇರೆ ಬೇರೆ ತೆರೆಯುವುದೇ ಗಂಡಾಂತರ. ಒಬ್ಬ ವಿದ್ಯಾರ್ಥಿಯ ಯುಐಡಿ (ಸರ್ವರಿನಲ್ಲಿ ಖಾತೆಯ ಗುರುತಿನ ಸಂಖ್ಯೆ) ಇಲ್ಲಿ 1005, ಅಲ್ಲಿ 1017 ಆದರೆ, ನೆಟ್‌ವರ್ಕಿನಲ್ಲಿ ಎನ್‌ಎಫ್‌ಎಸ್ ವ್ಯವಸ್ಥೆಯ ಮೂಲಕ ಹಂಚಿಕೊಂಡ ಫೋಲ್ಡರಿನಲ್ಲಿ ಅವನ ಕಡತ ಇನ್ಯಾರದೋ ಪಾಲಾಗುತ್ತದೆ. ಯುಐಡಿ, ಗುಂಪು, ಪಾಸ್‌ವರ್ಡ್ ಎಲ್ಲಕ್ಕೂ ಒಂದೇ ಓಪನ್‌ಎಲ್‌ಡ್ಯಾಪ್ ಡೈರೆಕ್ಟರಿ (ಎಲ್ಲ ಸರ್ವರುಗಳೂ ನೋಡುವ ಖಾತೆಗಳ ಪಟ್ಟಿ) ಇಡುವುದು ಸರಿಯಾದ ದಾರಿ, ಅದೂ ಸಾಗುವ ಮಾಹಿತಿಯನ್ನು ಗೂಢಲಿಪಿಗೊಳಿಸುವ ಟಿಎಲ್‌ಎಸ್ ಸಮೇತ. ಮರೆತವರ ಪಾಸ್‌ವರ್ಡ್ ಬದಲಿಸುವ ಅಧಿಕಾರವನ್ನಷ್ಟೇ ಶಿಕ್ಷಕರ ಗುಂಪಿಗೆ ಕೊಟ್ಟರೆ, ಸರ್ವರಿನ ಪೂರ್ಣಾಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ಊರೆಲ್ಲ ತಿರುಗುವುದು ನಿಲ್ಲುತ್ತದೆ. ಇದೇ ಕೆಲಸದ ಹಳೆಯ ವ್ಯವಸ್ಥೆ ಎನ್‌ಐಎಸ್ ಎಲ್ಲಾದರೂ ಉಳಿದಿದ್ದರೆ ತೆಗೆದುಹಾಕಿ, ಅದರಲ್ಲಿ ಪಾಸ್‌ವರ್ಡಿನ ಹ್ಯಾಶ್ (ಅದರಿಂದ ಲೆಕ್ಕಹಾಕಿದ ಸಂಕೇತರೂಪ) ನೆಟ್‌ವರ್ಕಿನಲ್ಲಿ ಬಯಲಾಗಿಯೇ ಓಡಾಡುತ್ತದೆ.

‘ಲಾಗಿನ್ ಆಗ್ತಿಲ್ಲ ಸಾರ್’ ಎಂಬ ದೂರು ಬಂದಾಗ ಮೊದಲು ಕೀಬೋರ್ಡ್ ನೋಡಿ. ವಿನ್ಯಾಸ ಕನ್ನಡಕ್ಕೆ ತಿರುಗಿದ್ದರೆ ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುವುದರಿಂದ ಪತ್ತೆಯಾಗುವುದಿಲ್ಲ. ಲಾಗಿನ್ ಖಚಿತಪಡಿಸಲು ಕರ್ಬೆರೋಸ್ ಎಂಬ ವ್ಯವಸ್ಥೆ ಬಳಸುವ ಕಾಲೇಜುಗಳಲ್ಲಿ ಎರಡನೆಯ ಅನುಮಾನ ಗಡಿಯಾರದ ಮೇಲೆ: ಸರ್ವರಿಗೂ ಕ್ಲೈಂಟಿಗೂ ಸಮಯದ ಅಂತರ 5 ನಿಮಿಷ ದಾಟಿದರೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಹಳೆಯ ಕ್ಲೈಂಟಿನೊಳಗಿನ ಸಿಆರ್2032 ಬಟನ್ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಸೆಲ್ ಬದಲಿಸಿ, ನೆಟ್‌ವರ್ಕಿನಿಂದ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿ.

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎಂಬ ಹಟ ಬೇಡ. ಹಾಗೆ ಮಾಡಿಸಿದರೆ ಕೊನೆಯ ಅಂಕಿಯೊಂದು ಬದಲಾಗುತ್ತದೆ, ಅಷ್ಟೇ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಇದನ್ನು ಕೈಬಿಡಲು ಹೇಳಿದೆ.

ಆಡಳಿತ ಮಂಡಳಿಗಳು ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರು ಬರೆಸುವಾಗ ಮೌಸ್, ಮಾನಿಟರ್ ಜೊತೆಗೆ ಖಾತೆಗಳ ಬ್ಯಾಕಪ್ಪನ್ನೂ ಸೇರಿಸಲಿ. ಎಲ್‌ಡ್ಯಾಪ್ ಇದ್ದರೆ ದಿನಕ್ಕೊಮ್ಮೆ ‘ಸ್ಲ್ಯಾಪ್‌ಕ್ಯಾಟ್’ ಕಮಾಂಡಿನಿಂದ ತೆಗೆದ ಪ್ರತಿ. ಇಲ್ಲದಿದ್ದರೆ ಪಾಸ್‌ಡಬ್ಲ್ಯುಡಿ, ಶ್ಯಾಡೋ, ಗ್ರೂಪ್, ಜಿಶ್ಯಾಡೋ ಈ ನಾಲ್ಕೂ ಕಡತಗಳು. ಮೊದಲನೆಯದನ್ನಷ್ಟೇ ನಕಲು ಮಾಡಿಟ್ಟುಕೊಂಡರೆ ಹೆಸರುಗಳು ಉಳಿಯುತ್ತವೆ, ಪಾಸ್‌ವರ್ಡ್ ಒಂದೂ ಉಳಿಯುವುದಿಲ್ಲ.

– ಕೆಲವು ಲ್ಯಾಬ್ ನಿರ್ವಾಹಕರು, ದಾವಣಗೆರೆ