ಹೆಸ್ರು ಹಾಕ್ಬೇಡ ಅಂದ ಆ ಮೇಡಂಗೆ ಥ್ಯಾಂಕ್ಸ್

ವನ್ಯಜೀವಿ ಸಂರಕ್ಷಣೆ ಅಂದ್ರೆ ಬರೀ ಬಯಾಲಜಿ ಓದಿದವ್ರ ಕೆಲ್ಸ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಎಕನಾಮಿಕ್ಸ್ ಓದಿದ ನಂಗೂ ಇಲ್ಲಿ ಜಾಗ ಇದೆ ಅಂತ ತೋರಿಸ್ಕೊಟ್ಟಿದ್ದು ನೀವು ಮೇಡಂ. ಹೆಸ್ರು ಹಾಕಲ್ಲ, ಆದ್ರೆ ಥ್ಯಾಂಕ್ಸ್ ಹೇಳ್ದೆ ಇರೋಕಾಗಲ್ಲ.

ಕಾಡಂಚಿನ ರೈತರಿಗೆ ಕೇಳೋಕೆ ಅಂತ ಮಾಡಿದ್ದ ನನ್ನ ಸರ್ವೆ ಪ್ರಶ್ನೆಗಳನ್ನ ಒಂದೊಂದಾಗಿ ಕೂತು ಓದಿದ್ರಿ. ಆನೆ ತುಳಿದ ಬೆಳೆ ಎಷ್ಟು ಅಂತ ಮಾತ್ರ ಕೇಳಿ ಎದ್ದು ಬರ್ಬೇಡ, ನಿದ್ದೆಗೆಟ್ಟು ಹೊಲ ಕಾದ ರಾತ್ರಿಗಳು, ಪರಿಹಾರದ ಅರ್ಜಿ ಹಿಡ್ಕೊಂಡು ಅಲೆದಾಗ ಕಳ್ಕೊಂಡ ಕೂಲಿ, ಭಯಕ್ಕೆ ಬಿತ್ತದೇ ಬಿಟ್ಟ ಜಮೀನು, ಇದೆಲ್ಲ ಲೆಕ್ಕಕ್ಕೆ ಬರ್ಬೇಕು, ಯಾಕಂದ್ರೆ ಸಂರಕ್ಷಣೆಯ ಲಾಭ ಇಡೀ ಜಗತ್ತಿಗೆ ಹೋಗತ್ತೆ, ಖರ್ಚಿನ ದೊಡ್ಡ ಪಾಲು ಕಾಡಂಚಿನವ್ರ ತಲೆ ಮೇಲೆ ಬೀಳತ್ತೆ ಅಂದ್ರಿ. ನನ್ನ ರಿಸರ್ಚ್ ಹುಟ್ಟಿದ್ದೇ ಆ ಮಾತಿಂದ.

ಎಲಿನಾರ್ ಆಸ್ಟ್ರಮ್ ಅವ್ರನ್ನ ಓದು ಅಂದಿದ್ದೂ ನೀವೇ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ಮೊದಲ ಮಹಿಳೆ, ಕಾಡು ಮೀನು ನೀರು ಇಂಥ ಎಲ್ರಿಗೂ ಸೇರಿದ ಸಂಪತ್ತನ್ನ ಬಳಸೋ ಜನಾನೇ ನಿಯಮ ಮಾಡ್ಕೊಂಡು ಉಳಿಸ್ಕೋಬಹುದು ಅಂತ ತೋರಿಸಿದವ್ರು. ಕಾಡಂಚಿನ ಜನರನ್ನ ಬರೀ 'ಸಮಸ್ಯೆ' ಅಂತ ನೋಡೋ ರಿಪೋರ್ಟ್ ಓದಿದ್ರೆ ಈಗ ನಂಗೆ ಸಿಟ್ಟೇ ಬರತ್ತೆ.

ಇನ್ನು ಹುಲಿಗೆ ದುಡ್ಡಿನ ಲೆಕ್ಕದಲ್ಲಿ ಬೆಲೆ ಕಟ್ಟೋದು ಸರೀನಾ ಅಂತ ನಾನು ಕೇಳ್ದಾಗ, ಬೆಲೆ ಕಟ್ಟದೇ ಬಿಟ್ರೆ ಬಜೆಟ್‌ನಲ್ಲಿ ಅದು ಸೊನ್ನೆ ಆಗ್ಬಿಡತ್ತೆ, ಆದ್ರೆ ನಿನ್ನ ನಂಬರ್ರೇ ಪೂರ್ತಿ ಬೆಲೆ ಅಂತ ಯಾವತ್ತೂ ಬರೀಬೇಡ ಅಂದ್ರಿ. ಬರೀಲಿಲ್ಲ ಮೇಡಂ. ಡ್ರಾಫ್ಟ್ ರೆಡಿ ಇದೆ, ರೈತರು ಹೊಲ ಕಾದ ಗಂಟೆಗಳ ಲೆಕ್ಕಕ್ಕೇ ಬೇರೆ ಟೇಬಲ್ ಹಾಕಿದೀನಿ, ಕಳಿಸ್ತೀನಿ, ಪುರುಸೊತ್ತಾದಾಗ ನೋಡಿ.