ಆಕಾಶದ ಹೊರೆ ಅಳೆಯೋಕೆ ವಿಮಾನ ಎಣಿಸಿದ್ರೆ ಸಾಲದು

ಮಾನ್ಯ ಸಂಪಾದಕರೇ,

ಅಂಕೋಲಾದ ಅಲಗೇರಿಯಲ್ಲಿ ಬರಬೇಕಾದ ವಿಮಾನ ನಿಲ್ದಾಣದ ಸುದ್ದಿ ಬಂದಾಗೆಲ್ಲ ಭೂಮಿ, ಪರಿಹಾರ, ರನ್‌ವೇ ಇಷ್ಟೇ ಮಾತು. ಮನೆ ಗದ್ದೆ ಬಿಟ್ಟುಕೊಡೋರ ಪ್ರಶ್ನೆ ಮೊದಲು ಬಗೆಹರೀಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳ್ತಾ ಮೇಲಿನ ಆಕಾಶ ನೋಡ್ಕೊಳ್ಳೋ ಕಂಟ್ರೋಲರ್ ಮೇಲೆ ಎಷ್ಟು ಹೊರೆ ಬೀಳ್ತದೆ ಅಂತ ಯಾರೂ ಕೇಳೋದು ಕಾಣ್ಲಿಲ್ಲ.

ನನ್ನ ಅಕ್ಕನ ಮಗ ಏರ್ ಟ್ರಾಫಿಕ್ ಕಂಟ್ರೋಲರ್. ಚೌತಿಗೆ ಬಂದವ ಊಟ ಆದ್ಮೇಲೆ ಟೇಬಲ್ ಮೇಲೆ ಹತ್ತು ಗೇರುಬೀಜ ಸಾಲಾಗಿ ಇಟ್ಟು, "ಮಾಮ, ಎಲ್ಲಾ ಒಂದೇ ದಾರಿ, ಒಂದೇ ಸ್ಪೀಡು, ಇದು ಸುಲಭ" ಅಂದ. ಆಮೇಲೆ ನಾಲ್ಕು ತೆಗೆದ, ಉಳಿದ ಆರರಲ್ಲಿ ಎರಡು ಏರೋದು, ಎರಡು ಇಳಿಯೋದು, ಒಂದು ಅಡ್ಡ ದಾಟೋದು, ಒಂದು ನೇರ ಹೋಗೋದು ಅಂತ ತಿರುಗಿಸಿ ಇಟ್ಟು ಮಧ್ಯದಲ್ಲಿ ಬಟ್ಟಲು ಕವುಚಿದ, ಅದು ಮಳೆಮೋಡ, ಎಲ್ಲರೂ ಸುತ್ತಿಕೊಂಡೇ ಹೋಗ್ಬೇಕು. "ಈಗ ಈ ಆರೇ ಕಷ್ಟ, ನೀರು ಕುಡಿಯೋಕೂ ಪುರುಸೊತ್ತಿಲ್ಲ" ಅಂದ.

ರೇಡಾರ್ ಇರೋ ಕಡೆ ಸಾಮಾನ್ಯವಾಗಿ ಎರಡು ವಿಮಾನಗಳ ನಡುವೆ 5 ನಾಟಿಕಲ್ ಮೈಲಿ (ಸುಮಾರು 9 ಕಿಲೋಮೀಟರ್), ಇಲ್ಲಾಂದ್ರೆ ಎತ್ತರದಲ್ಲಿ 1000 ಅಡಿ ಅಂತರ ಇರ್ಬೇಕು. ಗಂಟೆಗೆ 900 ಕಿಲೋಮೀಟರ್ ಓಡೋ ಜೆಟ್ ಒಂದು ನಿಮಿಷಕ್ಕೆ 15 ಕಿಲೋಮೀಟರ್ ಹೋಗ್ತದೆ, ಹಂಗಾಗಿ ಏರೋದು ಇಳಿಯೋದು ಎದುರುಬದರಾದ್ರೆ ಯೋಚನೆಗೆ ಸಿಗೋದೇ ಒಂದೆರಡು ನಿಮಿಷ. ಅದಕ್ಕೇ ಅಮೆರಿಕದ ನಾಸಾದವರು 1990ರ ದಶಕದಲ್ಲೇ 'ಡೈನಾಮಿಕ್ ಡೆನ್ಸಿಟಿ' ಅಂತ ಅಳತೆ ಕಟ್ಟಿದ್ರು, ಎಷ್ಟು ವಿಮಾನ ಅನ್ನೋದರ ಜೊತೆ ಎಷ್ಟು ದಿಕ್ಕು, ಸ್ಪೀಡು, ಎತ್ತರ ಬದಲಿಸ್ತವೆ, ಎಷ್ಟು ಹತ್ತಿರ ಬರ್ತವೆ ಅನ್ನೋದನ್ನೂ ಸೇರಿಸಿ. ಯುರೋಪಿನ ವಿಮಾನ ಸಂಚಾರ ನೋಡ್ಕೊಳ್ಳೋ ಸಂಸ್ಥೆ ಯೂರೋಕಂಟ್ರೋಲ್ ಕೂಡ ಹಿಂಗೇ ಅಳೀತದೆ. ಹೊರೆ ಜಾಸ್ತಿ ಆದ್ರೆ ಸೆಕ್ಟರ್, ಅಂದ್ರೆ ಕಂಟ್ರೋಲರ್‌ಗೆ ಹಂಚಿಕೊಟ್ಟ ಆಕಾಶದ ಭಾಗ, ಅದನ್ನ ಎರಡು ಮಾಡಿದ್ರಾಯ್ತು ಅನ್ನೋಕೂ ಬರೋದಿಲ್ಲ, ಸೆಕ್ಟರ್ ಚಿಕ್ಕದಾದಷ್ಟೂ ಒಬ್ಬರಿಂದ ಇನ್ನೊಬ್ಬರಿಗೆ ವಿಮಾನ ಒಪ್ಪಿಸೋ ಕೆಲಸ ಹೆಚ್ಚು.

ನಮ್ಮ ಕಡೆ ನೋಡಿ. ನೇರ ದಾರಿಯಲ್ಲಿ 100 ಕಿಲೋಮೀಟರ್ ಒಳಗೇ ಗೋವಾದಲ್ಲಿ ನೌಕಾಪಡೆಯ ದಾಬೋಲಿಂ ವಿಮಾನ ನಿಲ್ದಾಣ, 2023ರಿಂದ ಅದರಾಚೆ ಮೋಪಾ ಬೇರೆ, ಈಶಾನ್ಯಕ್ಕೆ ಹುಬ್ಬಳ್ಳಿ, ದಕ್ಷಿಣಕ್ಕೆ ಮಂಗಳೂರು, ಜೂನ್ ಬಂತಂದ್ರೆ ಘಟ್ಟಕ್ಕೆ ಬಂದು ಒರಗೋ ಮೋಡ. ಅಲಗೇರಿಯಲ್ಲಿ ದಿನಕ್ಕೆ ನಾಲ್ಕೇ ವಿಮಾನ ಹಾರಿದ್ರೂ ಅವೆಲ್ಲ ಏರೋವು ಇಳಿಯೋವೇ. ಹಾಗಾಗಿ ಯೋಜನೆಯವರು ಬರೀ ಪ್ರಯಾಣಿಕರ ಲೆಕ್ಕ ಕೊಡೋದು ಬೇಡ, ಮಳೆಗಾಲದ ಒಂದು ಜೋರು ದಿನ ಹಿಡಿದು ಈ ಹೊರೆ ಅಳೆದು, ಎಷ್ಟು ಕಂಟ್ರೋಲರ್ ಬೇಕು ಅಂತ ಜನರ ಮುಂದೆ ಈಗ್ಲೇ ಇಡಲಿ.

ಇಂತಿ,
ನಿಮ್ಮ ಓದುಗ, ಅಂಕೋಲಾ