ಅತ್ತಿಯ ಹೆಸರಲ್ಲಿ ‘ಕ’ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಸೋದರತ್ತೆ ತೀರಿಕೊಂಡರು. 91 ವರ್ಷ ಆಗಿತ್ತು. ನಿಧನ ವಾರ್ತೆ ಕೊಡಲು ನಾನೇ ತಮ್ಮ ಕಚೇರಿಗೆ ಬಂದಿದ್ದೆ. ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಚಂದ್ರಲಾಬಾಯಿ’ ಎಂದು ಬರೆದು ಕೊಟ್ಟಿದ್ದೆ. ಮರುದಿನ ಫೋಟೊ ಕೆಳಗೆ ಅಚ್ಚಾಗಿದ್ದು ‘ಚಂದ್ರಕಲಾಬಾಯಿ’. ಮುಖ ನಮ್ಮ ಅತ್ತಿಯದು, ಹೆಸರು ಬೇರೆ ಯಾರದೋ.

ಬೇಕಂತ ಮಾಡಿದ್ದಲ್ಲ ಎಂದು ನನಗೆ ಗೊತ್ತು. ಚೀಟಿ ನೋಡಿದವರಿಗೆ ನಡುವೆ ಒಂದು ಅಕ್ಷರ ಬಿಟ್ಟುಹೋಗಿದೆ ಅನಿಸಿರಬೇಕು. ಒಳ್ಳೆಯ ಮನಸ್ಸಿನಿಂದಲೇ ತಿದ್ದಿರುತ್ತಾರೆ. ಆದರೆ ಸೇಡಂನಲ್ಲಿ ಅತ್ತಿಯ ಬಾಲ್ಯದ ಗೆಳತಿ ಒಬ್ಬರಿದ್ದಾರೆ. ಕಣ್ಣು ಕಾಣುವುದಿಲ್ಲ. ದಿನಾ ಮೊಮ್ಮಗನ ಕೈಲಿ ಪೇಪರ್ ಓದಿಸಿ ಕೇಳುತ್ತಾರೆ. ಅವತ್ತೂ ಕೇಳಿದ್ದಾರೆ. ಚಂದ್ರಕಲಾಬಾಯಿ ಅಂದಾಗ ಯಾರೋ ಬೇರೆ ಅಂದುಕೊಂಡು ಸುಮ್ಮನಾದರು. ಅವರಿಗೆ ಸುದ್ದಿ ಮುಟ್ಟಿದ್ದು ಹದಿಮೂರನೇ ದಿನವೂ ಮುಗಿದ ಮೇಲೆ. ಫೋನ್‌ನಲ್ಲಿ ಅವರು ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅದಕ್ಕೇ ಈ ಪತ್ರ.

ನನ್ನ ಹೆಸರೂ ಚಂದ್ರಲಾ. ನಮ್ಮ ಮನೆಯಲ್ಲಿ ಅತ್ತಿ ‘ದೊಡ್ಡ ಚಂದ್ರಲಾ’, ನಾನು ‘ಸಣ್ಣ ಚಂದ್ರಲಾ’. ನಮ್ಮ ಕಡೆ ತೊಟ್ಟಿಲು ಕಾರ್ಯಕ್ರಮದಲ್ಲಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಕರೆಯುವವಳು ಸೋದರತ್ತೆ. ಹೆಸರು ಹೇಳಿದ ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ಕಿವಿಯಲ್ಲಿ ಅತ್ತಿ ಹೇಳಿದ್ದು ತಮ್ಮದೇ ಹೆಸರು. ‘ನಿನಗ ಕೊಡಾಕ ನನ್ನ ಹತ್ರ ಬ್ಯಾರೆ ಬಂಗಾರ ಇರಲಿಲ್ಲ ನೋಡವ್ವಾ, ಅದಕ್ಕ ಹೆಸರು ಕೊಟ್ಟೆ’ ಅನ್ನುತ್ತಿದ್ದರು.

ಈ ಹೆಸರು ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಊರು. ಸನ್ನತಿ. ನಮ್ಮ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗೆ ಇದೆ. ಅಲ್ಲಿಯ ದೇವಿ ಚಂದ್ರಲಾಂಬೆ. ಬಿಡಿಸಿ ಬರೆದರೆ ಚಂದ್ರಲಾ, ಅಂಬಾ. ಅಂಬಾ ಎಂದರೆ ತಾಯಿ. ಹಾಗಾದರೆ ಮುಂದೆ ಉಳಿಯುವ ಚಂದ್ರಲಾ ಅನ್ನುವುದೇ ಆ ತಾಯಿಯ ಹೆಸರು ಅಲ್ವಾ? ಅವಳನ್ನು ಚಂದ್ರಕಲಾಂಬೆ ಎಂದು ಯಾರೂ ಕರೆಯುವುದಿಲ್ಲ. ಗುಡಿಯ ಮುಂದೆ ಆ ರೀತಿ ಫಲಕ ಬರೆಸಿದರೆ ಭಕ್ತರು ಬಿಡುತ್ತಾರಾ? ಅವಳ ಹೆಸರಿಟ್ಟುಕೊಂಡ ನಮಗೆ ಮಾತ್ರ ಎಲ್ಲೆಲ್ಲೂ ‘ಕ’ ಸೇರಿಸುತ್ತಾರೆ.

ಕರ್ನಾಟಕದಲ್ಲಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆತನಗಳಿಗೆ ಸನ್ನತಿಯ ತಾಯಿ ಮನೆದೇವರು. ನಾವು ಚಿಕ್ಕವರಿದ್ದಾಗ ನಾಲವಾರ ಸ್ಟೇಷನ್ನಿನಲ್ಲಿ ಇಳಿದು ಚಕ್ಕಡಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಗಂಟಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ದಾರಿಯುದ್ದಕ್ಕೂ ಅತ್ತಿ ಕಥೆ ಹೇಳುತ್ತಿದ್ದರು. ಸೇತುರಾಜ ಎಂಬ ದುಷ್ಟ ರಾಜ ಒಬ್ಬ ಋಷಿಯ ಹೆಂಡತಿ ಚಂದ್ರವದನೆಯನ್ನು ಎಳೆದುಕೊಂಡು ಹೋದ. ಋಷಿ ಹಿಂಗುಲಾಂಬಿಕೆಯ ಮೊರೆ ಹೋದ. ಮುಂದೆ ಸನ್ನತಿಯಲ್ಲಿ ಚಂದ್ರಲಾಂಬೆಯಾಗಿ ನೆಲೆಸಿದ ಆ ದೇವಿ ಬಂದು ದುಂಬಿಗಳ ಹಿಂಡನ್ನು ರಾಜನ ಮೇಲೆ ಬಿಟ್ಟಳು. ಆ ಜಾಗ ಬಂದಾಗ ಅತ್ತಿ ಸೆರಗು ತಲೆ ಮೇಲೆ ಹೊದ್ದು ಗುಂಯ್ ಎಂದು ಸದ್ದು ಮಾಡುತ್ತಿದ್ದರು. ನಾವು ಕಿರುಚುತ್ತಿದ್ದೆವು. ನನಗೆ ಚಂದ್ರಲಾ ಅನ್ನುವ ಹೆಸರಿನಲ್ಲಿ ಬೆಳದಿಂಗಳಿಗಿಂತ ಆ ದುಂಬಿಯ ಸದ್ದೇ ಜಾಸ್ತಿ ಕೇಳುತ್ತದೆ.

ಸನ್ನತಿಯಲ್ಲಿ ಒಂದು ಸಲ, ಪಾಳಿಯಲ್ಲಿ ನಿಂತಿದ್ದಾಗ, ಹಿಂದಿನಿಂದ ಯಾರೋ ‘ಏ ಚಂದ್ರಲಾ’ ಎಂದು ಕೂಗಿದರು. ನಾನು ತಿರುಗಿದೆ. ನನ್ನ ಜೊತೆಗೆ ಮತ್ತೂ ಮೂವರು ತಿರುಗಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಒಬ್ಬರು ಸೊಲ್ಲಾಪುರದವರು, ಒಬ್ಬರು ಹೈದರಾಬಾದಿನವರು, ಮತ್ತೊಬ್ಬರು ಯಾದಗಿರಿಯವರು. ಎಲ್ಲರ ಕೂದಲೂ ಬೆಳ್ಳಗಾಗಿತ್ತು. 34 ವರ್ಷ ಶಾಲೆಯಲ್ಲಿ ಹಾಜರಿ ಕರೆದಿದ್ದೇನೆ. ಭಾಗ್ಯವಂತಿ, ಭಾಗಮ್ಮ ಎಷ್ಟೋ ಮಂದಿ ಬಂದರು, ಘತ್ತರಗಿ ತಾಯಿಯ ಹೆಸರು. ಶರಣಬಸವೇಶ್ವರರ ಹೆಸರಿನ ಶರಣಮ್ಮ ಇಲ್ಲದ ತರಗತಿಯೇ ಇರಲಿಲ್ಲ. ಚಂದ್ರಲಾ ಎಂದು ಕರೆದದ್ದು ಇಬ್ಬರನ್ನು ಮಾತ್ರ. ಆ ಇಬ್ಬರಲ್ಲಿ ಒಬ್ಬಳ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಚಂದ್ರಕಲಾ ಆಗಿಹೋಯಿತು. ಈಗ ಅವಳೂ ಹಾಗೇ ಸಹಿ ಮಾಡುತ್ತಾಳೆ.

ಕಡೆಯಲ್ಲಿ ‘ಲಾ’ ಬಂದರೆ ಅದು ಅರ್ಧ ಹೆಸರು ಎಂದು ಜನ ಯಾಕೆ ತಿಳಿಯುತ್ತಾರೋ! ಕಲ್ಯಾಣದ ಚಾಲುಕ್ಯರ ಅರಮನೆಯಲ್ಲಿ ಇಂಥ ಹೆಸರುಗಳೇ ತುಂಬಿದ್ದವು. ಒಂದನೇ ಸೋಮೇಶ್ವರನ ರಾಣಿಯರು ಬಾಚಲದೇವಿ, ಮೈಲಲದೇವಿ, ಕೇತಲದೇವಿ. ಹೊಯ್ಸಳರ ಕಡೆ ಏಚಲದೇವಿ, ಪದ್ಮಲದೇವಿ, ಮತ್ತೆ ಎಲ್ಲರಿಗೂ ಗೊತ್ತಿರುವ ಶಾಂತಲದೇವಿ. ಜೋರಾಗಿ ಓದಿ ನೋಡಿ. ಬಾಚಲಾ, ಪದ್ಮಲಾ, ಶಾಂತಲಾ, ಚಂದ್ರಲಾ. ಒಂದೇ ಮನೆಯ ಅಕ್ಕತಂಗಿಯರ ಹಾಗೆ ಕೇಳುವುದಿಲ್ಲವೇ? ಶಾಂತಲಾಳ ಹೆಸರನ್ನು ಯಾರೂ ಶಾಂತಕಲಾ ಮಾಡಿಲ್ಲ.

ಇನ್ನೂ ಹತ್ತಿರದ ಹೆಸರೊಂದಿದೆ. 1076ರಿಂದ 1126ರವರೆಗೆ ಕಲ್ಯಾಣದಿಂದ, ಅಂದರೆ ನಮ್ಮ ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣದಿಂದ, ಆಳಿದವನು ಆರನೇ ವಿಕ್ರಮಾದಿತ್ಯ. ಅವನ ರಾಣಿಯರಲ್ಲಿ ಒಬ್ಬಳು ಕರಾಡದ ಶಿಲಾಹಾರರ ಮಗಳು, ಚಂದಲದೇವಿ. ಚಂದ್ರ ಎನ್ನುವುದು ನಮ್ಮ ಬಾಯಲ್ಲಿ ಚಂದ, ಚಂದಿರ ಆಗುತ್ತದಲ್ಲ, ಹಾಗೆ ಚಂದಲಾ ಮತ್ತು ಚಂದ್ರಲಾ ನನಗೆ ಒಂದೇ ಬಳ್ಳಿಯ ಹೂವಾಗಿ ಕಾಣುತ್ತವೆ. ಅವಳ ಸ್ವಯಂವರವನ್ನು ಕಾಶ್ಮೀರದಿಂದ ಬಂದ ಕವಿ ಬಿಲ್ಹಣ ವಿಕ್ರಮಾದಿತ್ಯನ ಬಗ್ಗೆ ಬರೆದ ಸಂಸ್ಕೃತ ಕಾವ್ಯದಲ್ಲಿ ವರ್ಣಿಸಿದ. ಅದರಲ್ಲಿ ಅವಳು ಚಂದ್ರಲೇಖೆ ಆದಳು. ಇದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು. ರಾಣಿಯ ಹೆಸರನ್ನೇ ‘ಚೆಂದ’ ಮಾಡಲು ತಿದ್ದಿದ್ದಾರೆ! 900 ವರ್ಷದಿಂದ ನಡೆದು ಬಂದ ತಿದ್ದುಪಡಿ ಇದು. ಆದರೂ ಕನ್ನಡ ನಾಡಿನ ಇತಿಹಾಸದ ಪುಸ್ತಕಗಳು ಅವಳನ್ನು ಇವತ್ತಿಗೂ ಚಂದಲದೇವಿ ಎಂದೇ ಕರೆಯುತ್ತವೆ. ಅದು ನನಗೆ ಸಮಾಧಾನ.

ಅತ್ತಿ ಓದಿದ್ದು ನಿಜಾಮರ ಕಾಲದಲ್ಲಿ, ಉರ್ದು ಶಾಲೆಯಲ್ಲಿ. ಅವರ ನಾಲ್ಕನೇ ಇಯತ್ತೆಯ ಸರ್ಟಿಫಿಕೇಟ್ ನಮ್ಮ ಟ್ರಂಕಿನಲ್ಲಿ ಇನ್ನೂ ಇದೆ. ಮಡಿಕೆಯಲ್ಲಿ ಹರಿದಿದೆ, ಅಕ್ಷರ ಮಾತ್ರ ಸ್ಪಷ್ಟ. ಉರ್ದು ಬಲ್ಲ ನೆರೆಮನೆಯ ಹಿರಿಯರ ಹತ್ತಿರ ಓದಿಸಿದೆ. ಅವರು ಬೆರಳಿಟ್ಟು ಒಂದೊಂದೇ ಹೇಳಿದರು. ಚೆ, ನೂನ್, ದಾಲ್, ರೆ, ಲಾಮ್, ಅಲಿಫ್. ‘ನಡು ಕಾಫ್ ಇಲ್ರಿ ಟೀಚರ್, ಚಂದ್ರಲಾ ಅಂತಾನೇ ಅದ’ ಅಂದರು. ಕನ್ನಡ ಬಾರದ ಯಾವನೋ ಮುನ್ಷಿ, ಸಣ್ಣ ಹುಡುಗಿ ಬಾಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡಿದ್ದಾನೆ. ಆ ಪುಣ್ಯಾತ್ಮನಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನನ್ನ ಪಾಡು ಉದ್ದ ಮಾಡುವುದಿಲ್ಲ. ನಿವೃತ್ತಿ ಆದಾಗ ಸೇವಾ ಪುಸ್ತಕದಲ್ಲಿ ಚಂದ್ರಲಾ, ಆಧಾರ್‌ನಲ್ಲಿ ಚಂದ್ರಕಲಾ. ಪಿಂಚಣಿ ತಡೆದು ನಿಂತಿತು. ಬಾಂಡ್ ಪೇಪರ್, ನೋಟರಿ, ಪತ್ರಿಕೆಯಲ್ಲಿ ಪ್ರಕಟಣೆ ಎಲ್ಲಾ ಆಯಿತು. ಪ್ರಕಟಣೆ ಕೊಟ್ಟದ್ದು ಬೇರೊಂದು ಪತ್ರಿಕೆಗೆ. ‘ಚಂದ್ರಕಲಾ ಎಂದಿರುವುದು ಚಂದ್ರಲಾ ಎಂದಾಗಬೇಕು’ ಎಂದು ಬರೆದುಕೊಟ್ಟರೆ ಎರಡೂ ಕಡೆ ಚಂದ್ರಕಲಾ ಎಂದೇ ಅಚ್ಚಾಯಿತು. ಮತ್ತೆ ದುಡ್ಡು ಕಟ್ಟಿ ಮತ್ತೆ ಹಾಕಿಸಿದೆ. ಕಿಟಕಿಯ ಆಚೆ ಕೂತ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ, ‘ಟೀಚರ್, ಚಂದ್ರಕಲಾ ಅಂತಾನೇ ಇಟ್ಕೊಂಡ್ರ ಏನಾಗ್ತದ್ರಿ? ಅದೂ ಚಲೋ ಹೆಸರೇ ಅದ.’

ಹೌದು, ಚಲೋ ಹೆಸರೇ. ಚಂದ್ರಕಲಾ ಎಂದರೆ ಚಂದ್ರನ ಕಲೆ, ಆಕಾಶದ್ದು. ಚಂದ್ರಲಾ ಅಂದರೆ ನಮ್ಮ ಭೀಮಾ ದಂಡೆಯ ತಾಯಿ. ಆ ಹೆಸರು ಹೇಳಿದರೆ ನಮ್ಮ ಮನೆತನ ಯಾವ ದಾರಿಯಿಂದ ಬಂತು, ಯಾವ ಗುಡಿಗೆ ನಡೆದುಕೊಳ್ಳುತ್ತದೆ ಎಂದು ಹಿರಿಯರಿಗೆ ತಿಳಿಯುತ್ತಿತ್ತು. ಸೊಲ್ಲಾಪುರದ ಆ ಹೆಣ್ಣುಮಗಳು ಪಾಳಿಯಲ್ಲಿ ನನ್ನ ಕೈ ಹಿಡಿದುಕೊಂಡದ್ದು ಹೆಸರಿನಿಂದಲೇ. ಚಂದ್ರಕಲಾ ಆಗಿದ್ದರೆ ನಾನು ಅವತ್ತು ತಿರುಗಿಯೇ ನೋಡುತ್ತಿರಲಿಲ್ಲ.

1986ರಲ್ಲಿ ಸನ್ನತಿಯ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇತ್ತು, ಬ್ರಾಹ್ಮಿ ಲಿಪಿಯಲ್ಲಿ. ನಂತರ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿ ಒಂದು ಕಲ್ಲಿನಲ್ಲಿ ರಾಜ, ರಾಣಿ, ಪರಿವಾರ ಕೆತ್ತಿದ್ದಾರೆ. ಜೊತೆಗೆ ಎರಡೇ ಪದ, ‘ರಾಯೋ ಅಸೋಕೋ’. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಅದರ ಮುಂದೆ ತುಂಬಾ ಹೊತ್ತು ನಿಲ್ಲಿಸುತ್ತಿದ್ದೆ. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜ. ಹೆಸರು ಬರೆದ ಶಿಲ್ಪಿ ಇದ್ದದ್ದಕ್ಕೆ ಅಶೋಕನ ಮುಖ ಇದು ಎಂದು ನಮಗೆ ಗೊತ್ತಾಯಿತು. ಅತ್ತಿಯ ಫೋಟೊ ಕೆಳಗಿನ ಹೆಸರು ನೋಡಿದಾಗ ನನಗೆ ನೆನಪಾದದ್ದು ಆ ಕಲ್ಲು.

ನಮ್ಮ ಊರು ಎಷ್ಟೋ ಕಾಲ ಗುಲ್ಬರ್ಗಾ ಅನಿಸಿಕೊಂಡಿತ್ತು. 2014ರ ನವೆಂಬರ್ 1ರಿಂದ ಕಲಬುರಗಿ ಆಯಿತು. ಬಸ್ಸಿನ ಬೋರ್ಡು, ಕಚೇರಿಯ ಮೊಹರು ಎಲ್ಲಾ ಬದಲಾದವು. ಜನರ ಬಾಯಲ್ಲಿ ಇದ್ದದ್ದನ್ನೇ ಬರೆಯಬೇಕು ಎಂದು ಅಷ್ಟು ದೊಡ್ಡ ಕೆಲಸ ಮಾಡಿದೆವು. ಒಬ್ಬ ಹೆಣ್ಣುಮಗಳ ಹೆಸರಿಗೂ ಅಷ್ಟು ಗಮನ ಕೊಡಬಹುದು ಎಂದೇ ನನ್ನ ನಂಬಿಕೆ. ಅಪರೂಪದ ಹೆಸರು ಕಂಡಾಗ ತಮ್ಮ ಕಚೇರಿಯವರು ಒಂದು ಫೋನ್ ಮಾಡಿ ಕೇಳಲಿ, ಸಾಕು.

ಇನ್ನೊಂದು ಮಾತು ಇದೆ. ಅಣ್ಣನ ಮಗನಿಗೆ ಈಗ ಹೆಣ್ಣುಕೂಸು, ಎಂಟು ತಿಂಗಳು. ತೊಟ್ಟಿಲಲ್ಲಿ ಚಂದ್ರಲಾ ಎಂದು ಕರೆದಿದ್ದೇವೆ. ಅತ್ತಿ ಇನ್ನೂ ಇದ್ದರು, ಮಂಚದ ಮೇಲಿಂದಲೇ ಕೇಳಿಸಿಕೊಂಡು ಕೈ ಎತ್ತಿದರು. ಆದರೆ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ‘ಹೆಸರು ಭಾಳ ಚೆಂದ ಅದರಿ ಅತ್ತಿ, ಆದ್ರ ಜೀವನ ಪೂರ್ತಿ ಇಕಿ ತಿದ್ದಿಸ್ಕೋತಾನೇ ತಿರುಗಬೇಕಾಗ್ತದ’ ಎಂದು ಕೂಸಿನ ತಾಯಿ ಹಿಂದೇಟು ಹಾಕುತ್ತಿದ್ದಾಳೆ. ನಿಧನ ವಾರ್ತೆ ನೋಡಿದ ಮೇಲಂತೂ ಅವಳ ಭಯ ಜಾಸ್ತಿ ಆಗಿದೆ. ಅವಳದು ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಜನನ ನೋಂದಣಿ ಆದ 1 ವರ್ಷದ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ನಮಗೆ ಇನ್ನು ಸುಮಾರು ನಾಲ್ಕು ತಿಂಗಳು ಉಳಿದಿದೆ.

ದಯವಿಟ್ಟು ಅತ್ತಿಯ ಫೋಟೊ ಮತ್ತೊಮ್ಮೆ ಹಾಕಿ, ಕೆಳಗೆ ‘ಚಂದ್ರಲಾಬಾಯಿ’ ಎಂದು ಅಚ್ಚು ಮಾಡಿ. ಚಿಕ್ಕ ಅಕ್ಷರವಾದರೂ ಪರವಾಗಿಲ್ಲ. ಒಂದು ಪ್ರತಿ ಸೇಡಂಗೆ ಕಳಿಸುತ್ತೇನೆ, ಮೊಮ್ಮಗ ಓದಿ ಹೇಳುತ್ತಾನೆ. ಇನ್ನೊಂದು ಪ್ರತಿಯನ್ನು ಕೂಸಿನ ತಾಯಿಯ ಕೈಗೆ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಂದ್ರಲಾ
ನಿವೃತ್ತ ಶಿಕ್ಷಕಿ, ಕಲಬುರಗಿ